ಚಾತುರ್ಮಾಸ ಮುಗಿಯುವವರೆಗೆ ಅಗೆಯುವಂತಿಲ್ಲ

ಎಲೆಯೂ ಕಾಂಡವೂ ಸೇರುವ ಸಂದಿಯಲ್ಲಿ ಕೂತಿದ್ದ ಗಡ್ಡೆ ಹನ್ನೊಂದು ಮಿಲಿಮೀಟರ್ ಉದ್ದವಿತ್ತು. ಮೇಲೆ ಕಂದು ಬಣ್ಣ, ನರಹುಲಿಯ ಹಾಗೆ ಉಬ್ಬು; ಉಗುರಿನಿಂದ ಕೆರೆದರೆ ಒಳಗೆ ತಿಳಿಹಸಿರು. ಹಿಡಿದು ಎಳೆಯಬೇಕಾಗಲಿಲ್ಲ. ಬೆರಳು ತಾಗಿದ್ದೇ ತಡ, ಕಳಚಿ ಅಂಗೈಗೆ ಬಿತ್ತು. ಅದನ್ನು ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೊ ತೆಗೆದೆ. ನೋಟ್‌ಬುಕ್ಕಿನಲ್ಲಿ "ಅಮೃತಬಳ್ಳಿ ಅಲ್ಲ" ಎಂದು ಬರೆದೆ.

"ಏನ ಬರಕೊಂಡೆವ್ವಾ?" ಹಿಂದೆ ನಿಂತಿದ್ದ ಮನೆಯ ಅಜ್ಜಿ ಕೇಳಿದರು.

"ಅಳತಿರಿ," ಎಂದೆ. ಖಚಿತವಾಗುವ ಮೊದಲು ಹೇಳಿಬಿಡುವ ಅಭ್ಯಾಸ ನನಗಿಲ್ಲ.

ನಾನು ಮಿರಜದ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಮನೆತೋಟದ ಗಿಡಗಳಿಗೆ ಏನಾದರೂ ಆದರೆ ನೋಡಿ ಬರುವುದು ನನ್ನ ಪಾಲಿನ ಕೆಲಸ. ಆ ಆಷಾಢದಲ್ಲಿ ಸಾಂಗಲಿಯ ಒಂದು ಜೈನ ಮನೆಯಿಂದ ಕರೆ ಬಂದಿತ್ತು. ಹಿತ್ತಲಲ್ಲಿ ದೊಡ್ಡ ಬಕುಳದ ಮರ. ಅದರ ಮೇಲೆ, ಮರವೇ ಕಾಣದ ಹಾಗೆ, ಒಂದು ಬಳ್ಳಿ. ಒದ್ದೆಯಾದ ಬಳ್ಳಿಯ ಭಾರಕ್ಕೆ ಒಂದು ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬಿದ್ದು, ಇಡೀ ಓಣಿಯಲ್ಲಿ ಒಂದು ದಿನ ಕರೆಂಟು ಇರಲಿಲ್ಲ.

ಅಜ್ಜಿಯ ಮಗನಿಗೆ ಕುಪವಾಡದಲ್ಲಿ ಸಣ್ಣದೊಂದು ಕಾರ್ಖಾನೆ ಇದೆ. ಆತ ಮಾತನ್ನು ಉದ್ದ ಮಾಡುವವರಲ್ಲ. "ದೀಪಾವಳಿ ಆದ ಮ್ಯಾಲ ಲೈನಿನವ್ರು ಬರ್ತಾರ. ಅಷ್ಟರಾಗ ಬಳ್ಳಿ ಪೂರಾ ಹೋದ್ರ ಒಂದೆರಡು ಟೊಂಗಿ ಕಡಸ್ತೇನಿ. ಹೋಗಲಿಲ್ಲಂದ್ರ ಗಿಡಾನ ತಗಸ್ತೇನಿ. ವರ್ಷಾ ಮಳಿಗಾಲದಾಗ ಈ ಹೆದರಿಕಿ ನನಗ ಬ್ಯಾಡ."

"ಗಿಡಾ ತಗದ್ರ ನನ್ನ ಪೂಜಾ?" ಎಂದರು ಅಜ್ಜಿ.

"ಹೂವಾ ಪ್ಯಾಟ್ಯಾಗ ಸಿಗತಾವ ಅವ್ವ."

"ಪ್ಯಾಟ್ಯಾಗಿನವು ಹರದ ಹೂವಾ."

ಅಜ್ಜಿ ಜೀವಮಾನದಲ್ಲಿ ಗಿಡದಿಂದ ಹೂ ಹರಿದವರಲ್ಲ. ಬಕುಳ ತಾನಾಗಿ ಉದುರಿಸಿದ್ದನ್ನು ಬೆಳಗಿನ ಜಾವ ಒಂದೊಂದಾಗಿ ಆಯ್ದು, ತೊಳೆದು, ಬಸದಿಗೆ ಒಯ್ಯುತ್ತಾರೆ. ಹೂವಿಲ್ಲದ ದಿನಗಳಿಗೆ ಒಣಗಿಸಿಟ್ಟ ಹೂಗಳಿರುತ್ತವೆ. ಮಗ ನನ್ನ ಕಡೆ ತಿರುಗಿ, "ಅವ್ವಗ ನನಗಿಂತ ಈ ಗಿಡಾನ ಲಾಡಕಾ, ಭಾಳ ಮುದ್ದು," ಎಂದು ಹೇಳಿ ಮೋಟರ್‌ಸೈಕಲ್ ಹತ್ತಿದರು. ಕೆಲಸದ ಕರಾರು ಇಷ್ಟೇ: ಬಳ್ಳಿ ಹೋದರೆ ಮರ ಉಳಿಯುತ್ತದೆ.

ಮನೆಯವರು ಆ ಬಳ್ಳಿಯನ್ನು ಗುಳವೇಲ ಎನ್ನುತ್ತಿದ್ದರು. ಅಮೃತಬಳ್ಳಿಗೆ ಮರಾಠಿಯಲ್ಲಿ ಅದೇ ಹೆಸರು. ಕೊರೊನಾ ಕಾಲದಲ್ಲಿ ಎಲ್ಲರೂ ಅಮೃತಬಳ್ಳಿ ಹುಡುಕುತ್ತಿದ್ದಾಗ ಯಾರೋ ಒಂದು ತುಂಡು ತಂದುಕೊಟ್ಟಿದ್ದರಂತೆ. ಹೃದಯದ ಆಕಾರದ ಎಲೆ ನೋಡಿ ಯಾರಿಗೂ ಸಂಶಯ ಬಂದಿರಲಿಲ್ಲ. ನಾನು ನರ್ಸರಿಯ ನಿಜವಾದ ಅಮೃತಬಳ್ಳಿಯ ತುಂಡೊಂದನ್ನು ತಂದು ಎರಡನ್ನೂ ಕಟ್ಟೆಯ ಮೇಲೆ ಇಟ್ಟು ಹೋಲಿಸಿದೆ. ಅಮೃತಬಳ್ಳಿಯ ಎಲೆ ತೆಳು, ಕಾಂಡದ ಸಿಪ್ಪೆ ಕಾಗದದ ಹಾಗೆ ಏಳುತ್ತದೆ, ಅಡ್ಡ ಕತ್ತರಿಸಿದರೆ ಗಾಲಿಯ ಅರಗಳಂಥ ಗೆರೆ. ಇದರ ಎಲೆ ದಪ್ಪ, ಮುರಿದರೆ ಲೋಳೆ, ಕಾಂಡದಲ್ಲಿ ಅರವೂ ಇಲ್ಲ ಸಿಪ್ಪೆಯೂ ಇಲ್ಲ. ಮೇಲಾಗಿ ಸಂದಿಸಂದಿಗೂ ಗಡ್ಡೆ. ನನ್ನ ಹಳೆಯ ಅಧ್ಯಾಪಕಿಗೆ ಫೋಟೊ ಕಳಿಸಿದೆ. ಸಂಜೆ ಉತ್ತರ ಬಂತು: ಅನ್ರೆಡೆರಾ ಕಾರ್ಡಿಫೋಲಿಯಾ. ದಕ್ಷಿಣ ಅಮೆರಿಕದ ಬಳ್ಳಿ, ನಮ್ಮ ಬಸಳೆಯ ದಾಯಾದಿ. ಬೀಜ ಕಟ್ಟುವುದು ಅಪರೂಪ. ಬೀಜದ ಕೆಲಸವನ್ನು ಗಡ್ಡೆಗಳೇ ಮಾಡುತ್ತವೆ. ನೆಲದಲ್ಲಿಯೂ ಇರುತ್ತವೆ, ಗಾಳಿಯಲ್ಲಿಯೂ ತೂಗುತ್ತವೆ.

ಇದನ್ನು ಹೇಳಿದಾಗ ಹೆಚ್ಚು ನೊಂದವರು ಪಕ್ಕದ ಮನೆಯ ಕಾಕಾ. ಅವರದು ಮರಾಠಿ, ಕನ್ನಡ ಚೆನ್ನಾಗಿ ತಿಳಿಯುತ್ತದೆ. ಇದೇ ಬಳ್ಳಿಯ ತುಂಡನ್ನು ತಮ್ಮ ಅಂಗಳದಲ್ಲಿ ಹಚ್ಚಿಕೊಂಡು ಎರಡು ವರ್ಷಗಳಿಂದ ದಿನಾ ಬೆಳಿಗ್ಗೆ ಕಷಾಯ ಕುಡಿಯುತ್ತಿದ್ದರು.

"ಗುಳವೇಲ ನಾಹೀ? ಮಗ ಮಾಝೀ ಶುಗರ್ ಕಶೀ ಉತರಲೀ?" ಗುಳವೇಲ ಅಲ್ಲದಿದ್ದರೆ ತನ್ನ ಸಕ್ಕರೆ ಕಾಯಿಲೆ ಇಳಿದದ್ದು ಹೇಗೆ ಎಂದು ಗೋಡೆಯ ಮೇಲಿಂದ ಸವಾಲು.

ಅಜ್ಜಿಯೇ ಉತ್ತರ ಕೊಟ್ಟರು: "ಕಷಾಯದ ಮ್ಯಾಲ ಚಹಾ ಕುಡೀಬಾರದಂತ ಚಹಾ ಬಿಟ್ಟೀಯಲ್ಲೋ. ದಿನಕ್ಕ ಆರ ಕಪ್ಪು, ಕಪ್ಪಿಗೆ ಮೂರು ಚಮಚ ಸಕ್ಕರಿ. ಇಳೀದ ಏನ ಮಾಡತೈತಿ?"

ಕಾಕಾ ಕಷಾಯ ನಿಲ್ಲಿಸಿದರು. ಬಳ್ಳಿಯನ್ನು ಮಾತ್ರ ಬಿಡಲಿಲ್ಲ. ನನ್ನ ಮಾತಿಗಿಂತ ತನ್ನ ರಕ್ತಪರೀಕ್ಷೆಯ ಕಾಗದದ ಮೇಲೆ ಅವರಿಗೆ ಹೆಚ್ಚು ನಂಬಿಕೆ.

ಕೆಲಸಕ್ಕೆ ಮೊದಲ ಅಡ್ಡಿ ಬಂದದ್ದು ನಮ್ಮ ಕಡೆಯಿಂದಲೇ. ನನ್ನ ಜೊತೆ ಬರುವ ಮಾಳಿಮಾಮಾ ಬುಧಗಾಂವದವರು, ನಲವತ್ತು ವರ್ಷ ಗಿಡಗಳ ನಡುವೆ ಬದುಕಿದವರು. ನಾನು ಎಲೆಗಳನ್ನು ಹೋಲಿಸುತ್ತಿದ್ದ ಹೊತ್ತಿಗೆ ಅವರು ಕುಡುಗೋಲಿನಿಂದ ಎರಡು ದಪ್ಪ ಕಾಂಡಗಳನ್ನು ಬುಡದಲ್ಲಿ ಕಡಿದುಬಿಟ್ಟಿದ್ದರು. "ಬುಡಾ ಕಡದ್ರ ತುದಿ ತಾನ ಒಣಗತೈತಿ, ತಾಯಿ." ಬೇರೆ ಯಾವ ಬಳ್ಳಿಯಾದರೂ ಅದೇ ಸರಿಯಾದ ಕ್ರಮ. ಈ ಬಳ್ಳಿ ಮಾತ್ರ ದಪ್ಪ ಎಲೆಯ ನೀರನ್ನೇ ಕುಡಿಯುತ್ತ ವಾರಗಟ್ಟಲೆ ಮೇಲೆ ತೂಗಾಡಿತು. ತೂಗಾಡುತ್ತ ಗಡ್ಡೆ ಉದುರಿಸಿತು. ಮೊದಲ ವಾರ ಬಿದ್ದವನ್ನು ಎಣಿಸಿದೆ, ಆರುನೂರ ನಲವತ್ತು. ಎರಡನೆಯ ವಾರ ಎಣಿಸುವುದನ್ನು ಬಿಟ್ಟೆ. ಮಾಮಾ ತಲೆಗೆ ರುಮಾಲು ಸುತ್ತಿಕೊಂಡು, "ಆಣೆಕಲ್ಲ ಬಿದ್ದಂಗ ಬೀಳಾಕತ್ತಾವಲ್ಲ," ಎಂದು ತಮ್ಮ ಮೇಲೆ ತಾವೇ ನಕ್ಕರು.

ಎರಡನೆಯ ಅಡ್ಡಿ ಅಜ್ಜಿಯ ನೇಮ. ಚಾತುರ್ಮಾಸ ಶುರುವಾಗಿತ್ತು. ಮಳೆಗಾಲದಲ್ಲಿ ಮಣ್ಣಿನ ತುಂಬ ಜೀವಗಳಿರುತ್ತವೆ. ಕಾರ್ತಿಕ ಹುಣ್ಣಿವೆಯವರೆಗೆ ಅವರ ಹಿತ್ತಲಲ್ಲಿ ಗುದ್ದಲಿ ಇಳಿಯಬಾರದು. ಅಷ್ಟಮಿ ಚತುರ್ದಶಿಗೆ ಹಸಿರು ಕಡಿಯಬಾರದು. ವಿಷ ಯಾವಾಗಲೂ ಬೇಡ. ನಾಲ್ಕು ತಿಂಗಳು ಬಳ್ಳಿಗೆ ಬೆಳೆಯುವ ಕಾಲ, ಅದೇ ನಾಲ್ಕು ತಿಂಗಳು ನನಗೆ ಅಗೆಯದ ಕಾಲ. ಹುಣ್ಣಿವೆಗೂ ಲೈನ್‌ಮನ್ನರು ಬರುವ ದಿನಕ್ಕೂ ನಡುವೆ ಮೂರು ದಿನ ಮಾತ್ರ. ನಾನು ವಾದಿಸಲಿಲ್ಲ. ಪಂಚಾಂಗ ತೆಗೆದುಕೊಂಡು, ಅಷ್ಟಮಿ ಚತುರ್ದಶಿಗಳನ್ನು ಬಿಟ್ಟು, ನನ್ನ ಭೇಟಿಯ ದಿನಗಳನ್ನು ಬರೆದುಕೊಂಡೆ. ಸುಮಾರು ವಾರಕ್ಕೊಂದು ಬಂತು.

ಕ್ರಮ ಹೀಗಿತ್ತು. ಮೊದಲು ಮರದ ಕೆಳಗೆ ಹಳೆಯ ಹಾಸುಚಾದರಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸುವುದು. ನಿಚ್ಚಣಿಕೆ ಇಟ್ಟು, ಒಂದು ಮಾರು ಬಳ್ಳಿಯಲ್ಲಿರುವ ಗಡ್ಡೆಗಳನ್ನೆಲ್ಲ ಕೈಯಿಂದ ಆಯ್ದು ಡಬ್ಬಿಗೆ ಹಾಕುವುದು. ಬರಿದಾದ ಮೇಲೆಯೇ ಆ ಮಾರನ್ನು ಕತ್ತರಿಸುವುದು. ನೆಲದಲ್ಲಿ ಹೊಸ ಚಿಗುರು ಕಂಡರೆ ಮಣ್ಣು ಕೆದಕದೆ ಮೇಲೆಮೇಲೆ ಚಿವುಟುವುದು. ಹೀಗೆ ಚಿವುಟುತ್ತ ಹೋದರೆ ಕೆಳಗಿನ ಗಡ್ಡೆ ತನ್ನ ಸಂಗ್ರಹವನ್ನೇ ತಿಂದು ಸೊರಗುತ್ತದೆ. ಕಣ್ಣು, ಕುತ್ತಿಗೆ, ತಾಳ್ಮೆ ಮೂರನ್ನೂ ಬೇಡುವ ಕೆಲಸ. ನನಗೆ ಅದು ಹಿಡಿಸಿತು. ಮಾತಾಡಬೇಕಾಗಿಲ್ಲ, ಮತ್ತು ದಿನದ ಕೊನೆಗೆ ಎಷ್ಟು ಆಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಶ್ರಾವಣ ಮುಗಿಯುವಷ್ಟರಲ್ಲಿ ಬಕುಳದ ಪೂರ್ವದ ಬದಿಯ ಎಲೆಗಳು ಬೆಳಕಿಗೆ ಬಂದವು. ಕಡು ಹಸಿರು, ಅಂಚು ಸ್ವಲ್ಪ ಅಲೆಯಲೆ. ಎರಡು ವರ್ಷದ ಮೇಲೆ ಮರದ ಮುಖ ನೋಡಿದೆ ಎಂದು ಅಜ್ಜಿ ನನಗೂ ಮಾಮಾನಿಗೂ ಬೆಲ್ಲದ ಹೋಳಿಗೆ ಹಾಕಿದರು.

ಆದರೆ ನಕ್ಷೆ ಸರಿಬರುತ್ತಿರಲಿಲ್ಲ. ಗ್ರಾಫ್ ಹಾಳೆಯಲ್ಲಿ ಹಿತ್ತಲನ್ನು ಬರೆದು, ಹೊಸ ಬಳ್ಳಿ ಎದ್ದಲ್ಲೆಲ್ಲ ಕೆಂಪು ಚುಕ್ಕಿ ಇಡುತ್ತಿದ್ದೆ. ಗಡ್ಡೆಗಳು ಮರದ ನೆರಳಿನೊಳಗೆ ಬೀಳುತ್ತವೆ. ಹೊಸ ಗಿಡಗಳೂ ಅಲ್ಲಿಯೇ ಏಳಬೇಕು. ಮರದ ಕೆಳಗೆ ಹೆಚ್ಚುಕಡಿಮೆ ಏನೂ ಇರಲಿಲ್ಲ. ಹದಿನಾಲ್ಕು ಅಡಿ ದೂರದ ಹಿಂಗೋಡೆಯ ಬುಡದಲ್ಲಿ, ಒಂದೇ ಸಾಲಿನಲ್ಲಿ, ಸುಮಾರು ಒಂದೂವರೆ ಅಡಿಗೊಂದರಂತೆ ಹನ್ನೊಂದು ಗಿಡಗಳಿದ್ದವು. ಕಳೆ ಯಾವತ್ತೂ ಸಾಲು ಹಿಡಿದು ಬೆಳೆಯುವುದಿಲ್ಲ. ಮಳೆನೀರು ಒಯ್ದಿತೇ? ಇಳಿಜಾರು ಗೇಟಿನ ಕಡೆಗಿತ್ತು. ಇಲಿ? ಇಲಿಗೆ ಇಷ್ಟು ಶಿಸ್ತು ಇರುವುದು ನನಗೆ ಗೊತ್ತಿರಲಿಲ್ಲ. ಭಾದ್ರಪದದಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಾಗ, ಒಂದು ಸಂಜೆ ಗೋಡೆಯ ಉದ್ದಕ್ಕೂ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಬಂದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಮಿರಜದಿಂದ ಹೊರಟು ಹೋಗಿ ನೋಡಿದರೆ ಇಲಿಯ ಹೆಜ್ಜೆ ಒಂದೂ ಇರಲಿಲ್ಲ. ಮನುಷ್ಯರ ಬರಿಗಾಲಿನ ಹೆಜ್ಜೆಗಳಿದ್ದವು, ಸಣ್ಣವು, ಅವಸರವಿಲ್ಲದವು.

ಹೆಜ್ಜೆಯ ಒಡತಿ ಇನ್ನೂ ಅಲ್ಲಿಯೇ ಇದ್ದರು. ಅಜ್ಜಿ ಬಕುಳದ ಕೆಳಗೆ ಬಾಗಿ ಏನೋ ಆಯುತ್ತಿದ್ದರು. ಹೂವಿನ ಬಟ್ಟಲು ಎಡಗೈಯಲ್ಲಿತ್ತು, ಆದರೆ ಆಯ್ದದ್ದು ಅದಕ್ಕೆ ಬೀಳಲಿಲ್ಲ, ಸೆರಗಿಗೆ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯವರೆಗೆ ನಡೆದು, ಸೆರಗಿನಿಂದ ಗಡ್ಡೆಗಳನ್ನು ತೆಗೆದು, ಮಲಗಿದ ಮಗುವನ್ನು ಇಳಿಸುವ ಹಾಗೆ ಒಂದೊಂದನ್ನೇ ಗೋಡೆಯ ಬುಡದಲ್ಲಿ ಇಟ್ಟರು. ಒಂದರ ಮೇಲೊಂದು ಬೀಳದಂತೆ, ನಡುವೆ ಜಾಗ ಬಿಟ್ಟು.

ನನ್ನನ್ನು ನೋಡಿ ಅವರು ಮುಚ್ಚಿಡಲಿಲ್ಲ. "ಕಾಲಾಗ ಸಿಕ್ಕ ಅರೀತಾವವ್ವಾ. ಗಡ್ಡಿ ಅಂದ್ರ ಅನಂತಕಾಯ, ಒಂದರಾಗ ಎಣಿಸಲಾರದಷ್ಟ ಜೀವ. ಈ ಮೂಲ್ಯಾಗ ಯಾರೂ ಅಡ್ಡಾಡೂದಿಲ್ಲ."

ಅವರು ಗಡ್ಡೆಗೆಣಸು ತಿನ್ನದ ಮನೆಯವರು. ತಿನ್ನದ್ದನ್ನು ತುಳಿಯಬಾರದು ಎಂಬುದು ಅವರ ಲೆಕ್ಕ. ಎರಡು ವರ್ಷದಿಂದ, ದಿನವೂ, ಬಕುಳವನ್ನು ಉಸಿರುಗಟ್ಟಿಸುವ ಬಳ್ಳಿಯನ್ನು ಬಕುಳದ ಭಕ್ತೆಯೇ ಸಾಲುಹಿಡಿದು ನೆಡುತ್ತಿದ್ದರು. ನನಗೆ ನಗು ಬಂತು; ನಗಲಿಲ್ಲ. ಹೇಳಬೇಕಾಗಿತ್ತು, ಹೇಳಲೂ ಇಲ್ಲ. ಅಂದು ಉಳಿದ ಕೆಲಸವೆಲ್ಲ ಮುಗಿಸಿ ವಾಪಸು ಬಂದೆ.

ಎರಡು ದಿನ ಬಿಟ್ಟು ಮಗನಿಗೆ ಮಾತ್ರ ವಿಷಯ ತಿಳಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, "ಆಕಿಗೆ ಹೇಳಬ್ಯಾಡ್ರಿ, ಮನಸಿಗೆ ಹಚ್ಚಕೋತಾಳ. ದಶಲಕ್ಷಣ ಪರ್ವದಾಗ ಆಕಿ ದಿನಪೂರ್ತಿ ಬಸ್ತ್ಯಾಗ ಇರ್ತಾಳ. ನೀವು ಆವಾಗ ಬಂದು ಔಷಧ ಹೊಡದ ಹೋಗ್ರಿ. ಬಳ್ಳಿ ಒಣಗಿದ್ದು ಕಂಡ್ರ ತಾನ ಒಣಗೇತಿ ಅಂತೀನಿ," ಎಂದರು.

ಔಷಧ ಕೆಲಸ ಮಾಡುತ್ತಿತ್ತು. ಕಾಂಡದ ಮೇಲ್ಪದರ ಕೆರೆದು, ಕುಂಚದಿಂದ ಹಚ್ಚಿದರೆ ಸುತ್ತಲಿನ ಗಿಡಕ್ಕೆ ತಾಗದೆ ಗಡ್ಡೆಯವರೆಗೂ ಇಳಿಯುತ್ತದೆ. ಈ ಬಳ್ಳಿಗೆ ಅದು ಒಪ್ಪಿತವಾದ ಕ್ರಮ. ಮೂರು ದಿನದ ಅಗೆತವನ್ನು ನಂಬಿಕೊಳ್ಳುವುದಕ್ಕಿಂತ ಅದು ಗಟ್ಟಿ ದಾರಿ. ಮರ ಉಳಿಯಬೇಕೆಂಬ ಆಸೆ ನನಗೂ ಇತ್ತು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಂದು ಸಂಗತಿ ಸ್ಪಷ್ಟವಿತ್ತು: ಅಜ್ಜಿಗೆ ತಿಳಿಸದೆ ಔಷಧ ಹೊಡೆದರೆ, ಅವರು ಮುಂದಿನ ಬೆಳಿಗ್ಗೆಯೂ ಬಾಗಿ ಆಯ್ದು ಗೋಡೆಯ ಬುಡದಲ್ಲಿ ಇಡುತ್ತಾರೆ. ಇನ್ನೊಂದು ಸಂಗತಿ ವಿಜ್ಞಾನದ್ದಲ್ಲ. ಅವರ ಹಿತ್ತಲಲ್ಲಿ, ಅವರು ಬೇಡವೆಂದದ್ದನ್ನು, ಅವರು ಪೂಜೆಗೆ ಹೋದ ಹೊತ್ತು ನೋಡಿ ಮಾಡಿ ಬಂದ ಮೇಲೆ ಅವರ ಕೈಯ ಹೋಳಿಗೆ ನನಗೆ ಇಳಿಯುತ್ತಿರಲಿಲ್ಲ. ಆಗುವುದಿಲ್ಲ ಎಂದು ಮಗನಿಗೆ ಫೋನಿನಲ್ಲಿ ಹೇಳಿದೆ. "ಹಂಗಾರ ಗಿಡಾ ಹೋದ್ರ ನೀವ ಹೊಣಿ," ಎಂದರು. ಸರಿ ಎಂದೆ.

ಮರುದಿನ ಗ್ರಾಫ್ ಹಾಳೆಯನ್ನು ಅಜ್ಜಿಯ ಮಡಿಲಲ್ಲಿ ಬಿಚ್ಚಿಟ್ಟೆ.

"ಇದು ನಿಮ್ಮ ಹಿತ್ತಲರಿ. ಇದು ಬಕುಳ, ಇದು ಗ್ವಾಡಿ. ಕೆಂಪು ಚುಕ್ಕಿ ಅಂದ್ರ ಹೊಸಾ ಬಳ್ಳಿ ಹುಟ್ಟಿದ ಜಾಗಾ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಚುಕ್ಕಿಗಳ ಮೇಲೆ ಬೆರಳು ಆಡಿಸಿದರು. ಮೂರನೆಯ ಚುಕ್ಕಿಯಲ್ಲಿ ಬೆರಳು ನಿಂತಿತು.

"ಇಲ್ಲೆ ನಾ ಇಡ್ತೇನಲ್ಲ."

ಬೆರಳು ಮುಂದಿನ ಚುಕ್ಕಿಗೆ ಸರಿಯಿತು.

"ಇಲ್ಲೂ ಇಟ್ಟೇನಿ. ಇಲ್ಲೂ… ಅಯ್ಯ ಭಗವಂತಾ! ಹಂಗಾರ ಇವನ್ನೆಲ್ಲಾ ಹಚ್ಚಿದಾಕಿ ನಾನ?"

"ನೀವು ಹಚ್ಚಲಿಲ್ಲರಿ. ಎತ್ತಿಟ್ರಿ. ಅದಕ್ಕ ಅಷ್ಟ ಸಾಕು."

ಅವರು ಹಾಳೆಯ ಮೇಲೆ ಬಾಗಿದರು. ಅಳುತ್ತಾರೇನೋ ಎಂದು ನನಗೆ ಭಯವಾಗಿತ್ತು. ಭುಜ ಅಲುಗಿತು, ನೋಡಿದರೆ ನಗುತ್ತಿದ್ದರು. "ಏನ್ ಸಾಲ ಹಿಡದೇನಿ ನೋಡ! ನನ್ನ ಮಾವನವ್ರು ಜ್ವಾಳಾ ಬಿತ್ತಿದ್ರೂ ಇಷ್ಟ ನೆಟ್ಟಗ ಬಿತ್ತತಿರಲಿಲ್ಲ." ನಗು ನಿಂತ ಮೇಲೆ ನನ್ನ ಮುಖ ನೋಡಿ ಕೇಳಿದರು: "ಔಷಧ ಹೊಡದ ಬಿಡ್ರಿ ಅಂದಿರಬೇಕಲ್ಲ ನನ್ನ ಮಗಾ?"

ನಾನು ಹಾಳೆಗೆ ಕೈ ಚಾಚಿದೆ.

"ನೀ ಹೊಡೀಲಿಲ್ಲ." ಹಾಳೆಯನ್ನು ಮಡಚಿ ಕೊಟ್ಟರು. "ಕೇಳಿಲ್ಲೆ. ಕೊಲ್ಲಬೇಕಂತನ ಕೊಂದ್ರ ಅದು ಸಂಕಲ್ಪಿ ಹಿಂಸಾ. ಅದು ನಮಗ ಬ್ಯಾಡ. ಒಲಿ ಹಚ್ತೇವಿ, ಕಸಾ ಹೊಡಿತೇವಿ, ಸಂಸಾರಸ್ಥರ ಕೈಯಾಗ ಆಗೂದು ಆರಂಭಿ ಹಿಂಸಾ. ಮನಿ ಗಿಡಾ ಉಳಸೂದು ಅದರಾಗ ಬರತೈತಿ. ಅದು ನನ್ನ ಮ್ಯಾಲಿರಲಿ, ದಿನಾ ಸಂಜೀಕ ಭಗವಂತನ ಮುಂದ ತಪ್ಪ ಒಪ್ಪಕೊಂಡು ಆಲೋಚನಾ ಮಾಡಕೋತೇನಿ. ಜಜ್ಜೂದು, ಕುದಿಸೂದು, ಸುಡೂದು ಮಾತ್ರ ಬ್ಯಾಡ."

ನನಗೆ ಜಜ್ಜುವ ಅಗತ್ಯವೇ ಇರಲಿಲ್ಲ. ಮುಚ್ಚಳವಿರುವ ಒಂದು ಕಪ್ಪು ಪ್ಲಾಸ್ಟಿಕ್ ಪೀಪಾಯಿಯನ್ನು ಮಾಳಿಗೆಯ ಬಿಸಿಲಿನಲ್ಲಿ ಇಟ್ಟೆವು. ಬೆಳಕಿಲ್ಲ, ಮಣ್ಣಿಲ್ಲ, ಒಳಗೆ ಕಾವು; ಗಡ್ಡೆ ಚಿಗುರದೆ ತಾನಾಗಿ ಬಾಡುತ್ತದೆ. ಅಂದಿನಿಂದ ಅಜ್ಜಿ ಬಿದ್ದ ಗಡ್ಡೆಗಳನ್ನು ಗೋಡೆಗೆ ಒಯ್ಯದೆ ಪೀಪಾಯಿಗೆ ಕಳಿಸತೊಡಗಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಅಜ್ಜಿಯ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಹೂ ಆಯ್ದು ಆಯ್ದು ಪಳಗಿದ ಕೈ. ಸಾಸಿವೆಯಷ್ಟು ಗಡ್ಡೆಯೂ ತಪ್ಪುತ್ತಿರಲಿಲ್ಲ. ಚಾದರದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೋಲಿನಿಂದ ಮಾಮಾನಿಗೆ ದಾರಿ ತೋರಿಸುತ್ತಿದ್ದರು. "ಅಲ್ಲೆ ಅಲ್ಲೋ, ಎಡಕ್ಕ. ನಿನಗ ಎಡಾ ಯಾವ್ದು ಗೊತ್ತೈತಿಲ್ಲ?" "ಗೊತ್ತೈತ್ರಿ ಆಯಿ, ನಿಚ್ಚಣಕಿ ಮ್ಯಾಲ ಹತ್ತಿದ ಕೂಡ್ಲೆ ಮರೀತೇತ್ರಿ." ಆಶ್ವಿನದಲ್ಲಿ ಬಳ್ಳಿಗೆ ಬಿಳಿ ಹೂಗೊಂಚಲು ಬರಬೇಕಾಗಿತ್ತು. ಮರದ ಮೇಲೆ ಹೂ ಬರಲು ಬಳ್ಳಿಯೇ ಉಳಿದಿರಲಿಲ್ಲ. ಗೋಡೆಯ ಸಾಲಿನ ಚಿಗುರುಗಳು ಒಂದು ವಾರ ಮೊಳದಷ್ಟಿದ್ದವು, ಮುಂದಿನ ವಾರ ಗೇಣು, ಆಮೇಲೆ ಬೆರಳು.

ಹುಣ್ಣಿವೆಯ ಮರುದಿನ ಅಜ್ಜಿ ತಾವೇ ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ ಮಾಮಾನ ಕೈಗೆ ಕೊಟ್ಟರು. ಕಾಯುವುದರಿಂದ ಆದ ಲಾಭ ಆಗಲೇ ನನಗೆ ತಿಳಿದದ್ದು. ನಮ್ಮ ಕಪ್ಪು ಮಣ್ಣು ಮಳೆಯಲ್ಲಿ ಅಂಟು. ಆಗ ಅಗೆದಿದ್ದರೆ ಗಡ್ಡೆಗಳು ತುಂಡಾಗಿ ತುಂಡಿಗೊಂದು ಬಳ್ಳಿ ಏಳುತ್ತಿತ್ತು. ಈಗ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿಗೆ ಹಾರೆ ಇಟ್ಟು ಎತ್ತಿದರೆ ಹೆಂಟೆ ಇಡಿಯಾಗಿ ಏಳುತ್ತಿತ್ತು, ಅದರೊಳಗೆ ಗಡ್ಡೆಯೂ ಇಡಿಯಾಗಿ. ಚಿವುಟಿ ಚಿವುಟಿ ಬಡವಾದ ಅವು ಸುಕ್ಕಾಗಿ ಮೆತ್ತಗಿದ್ದವು. ಪ್ರತಿ ಹೆಂಟೆಯನ್ನೂ ಒಡೆದು ಜರಡಿ ಹಿಡಿದೆವು. ಬಕುಳದ ಬೇರಿನ ಬಳಿ ಕೈಯಿಂದಷ್ಟೇ ತೆಗೆದೆವು. ಮೂರನೆಯ ದಿನ ಮೂಲ ಬಳ್ಳಿಯ ಬುಡದಿಂದ ಮಾಮಾ ಎರಡು ಕೈಯಲ್ಲಿ ಎತ್ತಿದ್ದು ದೊಡ್ಡ ಕುಂಬಳಕಾಯಿಯಷ್ಟಿತ್ತು. ಗೋಡೆಯಾಚೆಯಿಂದ ಕಾಕಾ ಇಣುಕಿ, "ಬಾಪ್ ರೇ! ಹೇ ಮೀ ಪ್ಯಾಲೋ?" ಎಂದರು. ತಾನು ಕುಡಿದದ್ದು ಇದನ್ನೇ ಎಂದು ಆಗ ಅವರಿಗೆ ಮನವರಿಕೆಯಾಯಿತು.

ನಾಲ್ಕನೆಯ ದಿನ ಹತ್ತು ಗಂಟೆಗೆ ಲೈನ್‌ಮನ್ನರು ಬಂದರು. ಅಜ್ಜಿ ಒಳಗೆ ಜಪಮಾಲೆ ಹಿಡಿದು ಕೂತಿದ್ದರು, ಹೊರಗೆ ಬರಲಿಲ್ಲ. ಮಗ ಕಾರ್ಖಾನೆಗೆ ಹೋಗದೆ ಮರದ ಸುತ್ತ ಎರಡು ಸಲ ನಡೆದರು. ನಿಚ್ಚಣಿಕೆ ಹತ್ತಿ ಕವಲುಗಳಲ್ಲಿ ಕೈಯಾಡಿಸಿದರು. ಗೋಡೆಯ ಬುಡಕ್ಕೆ ಹೋಗಿ ಮಣ್ಣನ್ನು ಚಪ್ಪಲಿಯಿಂದ ಕೆದಕಿದರು. ನಾನು ಕೈಕಟ್ಟಿ ನಿಂತಿದ್ದೆ.

"ಒಂದೂ ಇಲ್ಲೇನ್ರಿ?"

"ನನಗ ಕಂಡದ್ದು ಒಂದೂ ಇಲ್ಲರಿ. ಮುಂದಿನ ಮಳಿಗಾಲದಾಗ ಮತ್ತ ನೋಡಬೇಕು."

ಅವರು ಲೈನ್‌ಮನ್ನರ ಕಡೆ ತಿರುಗಿ ತಂತಿಯ ಕಡೆಗಿದ್ದ ಒಂದೇ ಕೊಂಬೆಯನ್ನು ತೋರಿಸಿದರು. "ತೇವಢೀಚ. ಬಾಕೀ ಝಾಡಾಲಾ ಹಾತ ಲಾವೂ ನಕಾ." ಅದೊಂದೇ, ಉಳಿದ ಮರಕ್ಕೆ ಕೈ ಹಚ್ಚಬೇಡಿ. ಗರಗಸದ ಸದ್ದು ಐದು ನಿಮಿಷದಲ್ಲಿ ನಿಂತಿತು. ಅಜ್ಜಿ ಹೊರಗೆ ಬಂದು ಮೊದಲು ಮರವನ್ನು ನೋಡಿದರು, ಆಮೇಲೆ ಮಗನನ್ನು. "ಈಗ ನೀನೂ ಲಾಡಕಾ," ಎಂದರು. ಆತ ನಾಚಿಕೊಂಡು ಎಲ್ಲರಿಗೂ ಚಹಾ ಹೇಳಿದರು. ನಾನು ಎರಡು ಕಪ್ ಕುಡಿದೆ.

ಕಾಕಾನೂ ಬಂದು ಸಕ್ಕರೆಯಿಲ್ಲದ ಚಹಾ ಹಿಡಿದು ಕೂತಿದ್ದರು; ಅಜ್ಜಿ ಪಕ್ಕದ ಗೋಡೆಯ ಕಡೆ ಕೋಲು ಚಾಚಿದರು. ಕಾಕಾನ ಬಳ್ಳಿ ಆಚೆಯಿಂದ ಗೋಡೆಯ ತಲೆಗೆ ಕೈಯಿಟ್ಟಿತ್ತು. "ಅದು ಅಲ್ಲಿರೂತನಾ ನನ್ನ ಗಿಡಕ್ಕ ಜೀವದ ಭಯಾ ತಪ್ಪಿಲ್ಲ. ಏನಂತೀಯೋ?"

ಕಾಕಾ ಲೋಟ ಕೆಳಗಿಟ್ಟರು. "ಉದ್ಯಾ ಯೇ ಪೋರೀ," ಎಂದರು ನನಗೆ. ನಾಳೆ ಬಾ.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಅಜ್ಜಿಯ ಮನೆಯ ಗೇಟು ದಾಟಿ ಮುಂದಿನ ಗೇಟು ತೆರೆದೆ. ಅಜ್ಜಿ ನನಗಿಂತ ಮೊದಲೇ ಬಂದು ಕಾಕಾನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಕಾಕಾ ಕುಡುಗೋಲು ಹಿಡಿದು ಬಳ್ಳಿಯ ಬುಡದ ಹತ್ತಿರ ಬಾಗಿದ್ದರು. ಅದನ್ನು ಅವರ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟೆ. ಚಾದರ ಹಾಸಿದೆ, ನಾಲ್ಕು ಮೂಲೆಗೂ ಕಲ್ಲು ಇಟ್ಟೆ, ಮುಚ್ಚಳ ತೆಗೆದ ಡಬ್ಬಿಯನ್ನು ಕಾಕಾನ ಕೈಗೆ ಕೊಟ್ಟು, ಮೊದಲ ಗಡ್ಡೆಯನ್ನು ಅವರಿಂದಲೇ ಬಿಡಿಸಿದೆ.